ವೇಗ ಪುಕ್ಕಟೆ, ಉಳಿದದ್ದಕ್ಕೆ ದುಡ್ಡು

ಹಳೇ ಕಂಪ್ಯೂಟರನ್ನು ಇನ್ನಷ್ಟು ಜೋರಾಗಿ ಓಡಿಸುವುದಕ್ಕೆ ಒಂದು ಪೈಸೆಯೂ ಬೇಕಿಲ್ಲ. ಆನ್ ಮಾಡಿದ ಕೂಡಲೇ ಡಿಲೀಟ್ ಕೀಲಿ ಒತ್ತಬೇಕು. ಬಯಾಸ್ ಎಂಬ ನೀಲಿ ಪರದೆ ಬರುತ್ತದೆ. ಅಲ್ಲಿ 266 ಅಂತ ಇರುವುದನ್ನು ಅಳಿಸಿ 333 ಅಂತ ಬರೆದು, ಎಫ್10 ಒತ್ತಿ ಹೊರಗೆ ಬಂದರೆ ಆಯಿತು. 2.4 ಗಿಗಾಹರ್ಟ್ಸ್ ಪ್ರೊಸೆಸರು 3 ಗಿಗಾಹರ್ಟ್ಸ್‌ನಲ್ಲಿ ಓಡತೊಡಗುತ್ತದೆ. ಬಿಲ್ಲಿಲ್ಲ, ಜಿಎಸ್‌ಟಿ ಇಲ್ಲ. ಸ್ಕ್ರೂಡ್ರೈವರ್ ಸಹ ಬೇಡ.

ಈ ಪುಕ್ಕಟೆ ವೇಗಕ್ಕೆಂದು ನಾನು ಐದು ಸಾವಿರ ರೂಪಾಯಿ ಎತ್ತಿಟ್ಟಿದ್ದೇನೆ ಎಂದಾಗ ನನ್ನ ಹೆಂಡತಿ ಕೇಳಿದ ಪ್ರಶ್ನೆ ಸಹಜವಾದದ್ದೇ. "ಪುಕ್ಕಟೆ ಅಂದ್ರಲ್ಲ ರೀ, ಮತ್ತೆ ಐದು ಸಾವಿರ ಯಾತಕ್ಕೆ?" ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಪ್ರೋಸೆಸಿಂಗ್ ಫೀ ಇಲ್ಲ ಎಂದು ಹೇಳಿ ಕೊಡುವ ಸಾಲಗಳನ್ನೆಲ್ಲ ಕಂಡವಳು.

ಉತ್ತರ ಇದ್ದದ್ದು ಹೀಗೆ: ವೇಗಕ್ಕೆ ದುಡ್ಡಿಲ್ಲ, ಆ ವೇಗವನ್ನು ತಡೆದುಕೊಳ್ಳುವ ಸಾಮಾನಿಗೆ ದುಡ್ಡು. ಮದರ್‌ಬೋರ್ಡು ತಡೆಯಬೇಕು, ಕರೆಂಟು ಒದಗಿಸುವ ಎಸ್‌ಎಂಪಿಎಸ್ ತಡೆಯಬೇಕು, ಬಿಸಿಯನ್ನು ಹೊರಗೆ ಹಾಕುವ ಫ್ಯಾನು ತಡೆಯಬೇಕು. ಇವು ಯಾವುವೂ ಸ್ವತಃ ಒಂದು ಮೆಗಾಹರ್ಟ್ಸ್ ಕೊಡುವ ವಸ್ತುಗಳಲ್ಲ. ಹೀಗೆ ವೇಗ ಏರಿಸುವ ಓವರ್‌ಕ್ಲಾಕಿಂಗ್ ಮಾಡಹೊರಟವನು ಕೊನೆಗೆ ಕೊಳ್ಳುವುದೆಲ್ಲ ವೇಗಕ್ಕೆ ಸಂಬಂಧವೇ ಇಲ್ಲದ್ದನ್ನು. ಇದನ್ನು ಅವಳಿಗೆ ಒಪ್ಪಿಸುವಷ್ಟು ವಾಕ್ಚಾತುರ್ಯ ನನಗಿಲ್ಲ. "ಆಮೇಲೆ ಹೇಳ್ತೀನಿ" ಎಂದೆ.

ನನ್ನದು ಇಂಟೆಲ್‌ನ ಕೋರ್ 2 ಕ್ವಾಡ್ ಕ್ಯೂ6600. 2007ರ ಜನವರಿಯಲ್ಲಿ ಬಂದಾಗ ಅದರ ಬೆಲೆ 851 ಡಾಲರ್, ನನ್ನಂಥವನಿಗೆ ಕನಸಿನಲ್ಲೂ ಮುಟ್ಟಲಾಗದ್ದು. ಆ ವರ್ಷದ ಜುಲೈನಲ್ಲಿ ಇಂಟೆಲ್ ಅದನ್ನು 266 ಡಾಲರಿಗೆ ಇಳಿಸಿತು. ಆಗ ಊರೂರಿನ ಅಸೆಂಬಲ್ ಮಾಡುವವರ ಬಾಯಲ್ಲೆಲ್ಲ ಕ್ಯೂ6600 ಓಡಾಡಿತು. ಎರಡು ಕೋರಿನ ಎರಡು ಚಿಪ್ಪುಗಳನ್ನು ಒಂದೇ ಹಸಿರು ಹಲಗೆಯ ಮೇಲೆ ಕೂರಿಸಿ ನಾಲ್ಕು ಕೋರು ಎಂದು ಕೊಟ್ಟದ್ದು ಅದು. ಎಎಂಡಿಯವರು ಇದು ನಿಜವಾದ ನಾಲ್ಕು ಕೋರಲ್ಲ ಎಂದು ಮೂಗು ಮುರಿದರು. ಕೊಂಡವರು ತಲೆ ಕೆಡಿಸಿಕೊಳ್ಳಲಿಲ್ಲ.

ಇಷ್ಟು ವರ್ಷದ ಮೇಲೆ ಅದಕ್ಕೇಕೆ ಹೊಸ ಹುರುಪು? ನನ್ನಲ್ಲಿ ಒಂದು ಡಬ್ಬಿ ತುಂಬ ಮಿನಿ ಡಿವಿ ಟೇಪುಗಳಿವೆ. ತಂಗಿಯ ಮದುವೆ, ಅಪ್ಪನ ಷಷ್ಟಿಪೂರ್ತಿ, ಯಾರದೋ ಮುಂಜಿ. ಕ್ಯಾಮೆರಾದಿಂದ ಕಂಪ್ಯೂಟರಿಗೆ ಇವನ್ನು ಇಳಿಸಬೇಕಾದರೆ ಫೈರ್‌ವೈರ್ ಎಂಬ ಕಿಂಡಿ ಬೇಕು, ನನ್ನ ಬಳಿ ಇರುವ ಆ ಕಿಂಡಿಯ ಕಾರ್ಡು ಕೂರಲು ಹಳೇ ಪಿಸಿಐ ಸ್ಲಾಟು ಬೇಕು. ಈಗಿನ ಯಂತ್ರಗಳಲ್ಲಿ ಅದು ಹುಡುಕಿದರೂ ಇರುವುದಿಲ್ಲ. ಒಂದು ಗಂಟೆಯ ಟೇಪು ಇಳಿದರೆ ಸುಮಾರು 13 ಜಿಬಿ ಆಗುತ್ತದೆ. ಅದರ ಗೆರೆ, ಚುಕ್ಕೆಗಳನ್ನೆಲ್ಲ ಒರೆಸಿ ಫೋನಿನಲ್ಲಿ ಕಳಿಸುವಷ್ಟು ಚಿಕ್ಕದು ಮಾಡುವ ಕೆಲಸ ಪೂರ್ತಿ ಪ್ರೊಸೆಸರಿನದು. ಒಂದು ಮದುವೆಗೆ ಒಂದು ರಾತ್ರಿ ಹಿಡಿಯುತ್ತದೆ.

ನನ್ನ ಸೋದರಳಿಯ ಎಂಜಿನಿಯರಿಂಗ್ ಓದುತ್ತಾನೆ. ಅವನ ಕಂಪ್ಯೂಟರಿನ ಒಳಗೆ ಬಣ್ಣಬಣ್ಣದ ದೀಪ ಮಿನುಗುತ್ತವೆ. "ಪೆನ್‌ಡ್ರೈವ್‌ಗೆ ಹಾಕಿ ಕೊಡಿ ಮಾವ, ಕಾಫಿ ಕುಡಿಯೋದರೊಳಗೆ ಮಾಡಿಕೊಡ್ತೀನಿ" ಅಂದ. ನಾನು ಕೇಳಿಸದವನಂತೆ ಕೂತೆ. ಅದು ಪರಿಹಾರವಿರಬಹುದು, ಆದರೆ ಅದರಲ್ಲಿ ಆಯ್ಕೆ ಮಾಡಲು ಏನೂ ಇಲ್ಲ.

ಗಣಿತ ಬಹಳ ಸರಳ. ಪ್ರೊಸೆಸರಿನ ಒಳಗೆ 9 ಎಂಬ ಗುಣಕ ಇದೆ. ಬೋರ್ಡು ಕೊಡುವ 266 ಮೆಗಾಹರ್ಟ್ಸ್ ತಾಳವನ್ನು ಅದು 9ರಿಂದ ಗುಣಿಸಿ 2.4 ಗಿಗಾಹರ್ಟ್ಸ್ ಮಾಡಿಕೊಳ್ಳುತ್ತದೆ. 9ನ್ನು ಇಂಟೆಲ್ ಮೇಲಕ್ಕೆ ಏರದಂತೆ ಬೀಗ ಹಾಕಿದೆ, 266ಕ್ಕೆ ಬೀಗವಿಲ್ಲ. ಬೋರ್ಡಿನ ತಾಳ 333 ಆದರೆ 3 ಗಿಗಾಹರ್ಟ್ಸ್, 400 ಆದರೆ 3.6. ಕಂಪನಿಯೇ ಯಾಕೆ ಮೂರು ಎಂದು ಮಾರಲಿಲ್ಲ ಎಂದರೆ, ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳು ಎಲ್ಲವೂ ಒಂದೇ ತಾಕತ್ತಿನವಲ್ಲ. ಕಳಪೆಯದೂ ಎಲ್ಲಿ ಹೋದರೂ ಎಡವದಂಥ ಅಂಕಿಯನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕುತ್ತಾರೆ. ಜತೆಗೆ ದುಬಾರಿ ಪ್ರೊಸೆಸರಿಗೆ ಗಿರಾಕಿ ಉಳಿಯಬೇಕಲ್ಲ, ಒಳ್ಳೆಯದಕ್ಕೂ ಕೆಲವೊಮ್ಮೆ ಅಗ್ಗದ ಹೆಸರು ಬೀಳುತ್ತದೆ. ಈ ಎರಡು ಕಾರಣಗಳ ನಡುವೆ ಉಳಿದ ಸಂದಿಯಲ್ಲಿ ನಮ್ಮಂಥವರ ಸಂತೋಷವಿದೆ.

ಆ ಸಂದಿಗೆ ಒಂದು ಪರಂಪರೆಯೇ ಇದೆ. 1998ರಲ್ಲಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರು ಬಂತು. 66 ಮೆಗಾಹರ್ಟ್ಸ್ ಗುಣಿಸು ನಾಲ್ಕೂವರೆ, ಅಂದರೆ 300. ಬೋರ್ಡನ್ನು 100ಕ್ಕೆ ಏರಿಸಿದರೆ 450. ಆ ದಿನಗಳಲ್ಲಿ 450 ಅಂದರೆ ಇಂಟೆಲ್‌ನ ಅತಿ ದುಬಾರಿ ಪೆಂಟಿಯಂ 2ರ ವೇಗ. ಬಡವರ ಪ್ರೊಸೆಸರು ಶ್ರೀಮಂತರ ಜತೆ ಸಮನಾಗಿ ಓಡಿತು, ಅದೂ ಹೆಚ್ಚಿನ ಮಟ್ಟಿಗೆ ಎಲ್ಲರ ಮನೆಯಲ್ಲೂ. ಅದಾದ ಎರಡು ವರ್ಷಕ್ಕೆ ಎಎಂಡಿಯ ಡ್ಯುರಾನ್, ಹೊಸ ಮಾದರಿಯ ಅಥ್ಲಾನ್ ಬಂದವು. ಅವುಗಳ ಬೆನ್ನ ಮೇಲೆ ಎಲ್1 ಎಂಬ ಸಣ್ಣ ಸೇತುವೆಗಳನ್ನು ಕಾರ್ಖಾನೆಯಲ್ಲೇ ಕತ್ತರಿಸಿ ಗುಣಕಕ್ಕೆ ಬೀಗ ಹಾಕಿದ್ದರು. ಆ ಕತ್ತರಿಸಿದ ಜಾಗಕ್ಕೆ ಸೀಸದಕಡ್ಡಿಯಿಂದ ಗೆರೆ ಎಳೆದರೆ ಸೇತುವೆ ಕೂಡಿಕೊಳ್ಳುತ್ತಿತ್ತು. ಗ್ರಾಫೈಟು ವಿದ್ಯುತ್ ಹರಿಸುತ್ತದೆ. ಕೋಟ್ಯಂತರ ಡಾಲರಿನ ಕಾರ್ಖಾನೆ ಹಾಕಿದ ಬೀಗವನ್ನು ಒಂದು ನಟರಾಜ ಪೆನ್ಸಿಲ್ ತೆಗೆಯುತ್ತದೆ ಎಂಬ ಸಂಗತಿ ನನಗೆ ಈಗಲೂ ರೋಮಾಂಚನ ತರುತ್ತದೆ. ಇಂಥ ಕಥೆಗಳನ್ನು ಓದಿಕೊಂಡು ಬೆಳೆದವನಿಗೆ ಪೆನ್‌ಡ್ರೈವ್ ಪರಿಹಾರ ಹೇಳಿದರೆ ಹೇಗೆ?

ಮೊದಲ ತೊಡಕು ನನ್ನ ಬಯಾಸ್‌ನಲ್ಲೇ ಇತ್ತು. 266 ಎಂಬ ಅಂಕಿ ಕಾಣುತ್ತಿತ್ತು, ಬೂದು ಬಣ್ಣದಲ್ಲಿ. ಬಾಣದ ಕೀಲಿ ಒತ್ತಿದರೆ ಅದನ್ನು ದಾಟಿ ಮುಂದಿನ ಸಾಲಿಗೆ ಹೋಗಿಬಿಡುತ್ತಿತ್ತು. ಅಗ್ಗದ ಬೋರ್ಡುಗಳಲ್ಲಿ ಹೀಗೆಯೇ, ತೋರಿಸುತ್ತಾರೆ, ಮುಟ್ಟಗೊಡುವುದಿಲ್ಲ. ಇದಕ್ಕೂ ಒಂದು ಉಪಾಯ ಉಂಟು. ಪ್ರೊಸೆಸರಿನ ತಳದಲ್ಲಿ 775 ಪ್ಯಾಡುಗಳಿವೆ. ತಾನು ಯಾವ ತಾಳದವನು ಎಂದು ಬೋರ್ಡಿಗೆ ಹೇಳುವುದು ಅವುಗಳಲ್ಲಿ ಕೆಲವು. ಅದರಲ್ಲಿ ಸರಿಯಾದ ಒಂದರ ಮೇಲೆ ಸಾಸಿವೆಯಷ್ಟು ಟೇಪು ಅಂಟಿಸಿದರೆ, ಬೋರ್ಡು ಇದನ್ನು 333ರ ಪ್ರೊಸೆಸರು ಎಂದು ನಂಬಿ ತಾನಾಗಿ ತಾಳ ಏರಿಸುತ್ತದೆ. ಖರ್ಚು ಸೊನ್ನೆ. ಸೋದರಳಿಯನ ಕಣ್ಣು ಅರಳಿತು. ನಾನು ಒಪ್ಪಲಿಲ್ಲ. ಆ ಬೋರ್ಡಿನಲ್ಲಿ ಪ್ರೊಸೆಸರಿಗೆ ಕರೆಂಟು ಹದಮಾಡಿ ಕೊಡುವ ಭಾಗ ಬೋಳಾಗಿತ್ತು, ಒಂದು ಚೂರು ಹೀಟ್‌ಸಿಂಕ್ ಸಹ ಇಲ್ಲ. ಅದಕ್ಕೆ ಸುಳ್ಳು ಹೇಳಿ ದುಡಿಸುವುದು ಬೇರೆ, ಹೊರೆ ಹೊರಲು ಅದಕ್ಕೆ ಶಕ್ತಿ ಇದೆಯೇ ಎನ್ನುವುದು ಬೇರೆ.

ಹಾಗಾಗಿ ಐದು ಸಾವಿರದಲ್ಲಿ ಮೊದಲ ಪಾಲು ಬೋರ್ಡಿಗೆ. ಅದಕ್ಕಾಗಿ ಹೋದದ್ದು ಬೆಂಗಳೂರಿನ ಎಸ್.ಪಿ. ರಸ್ತೆಗೆ, ಅಂದರೆ ಸಾದರ್ ಪತ್ರಪ್ಪ ರಸ್ತೆಗೆ. ಆ ಪೂರ್ತಿ ಹೆಸರನ್ನು ಅಂಗಡಿಗಳ ಬೋರ್ಡು ಬಿಟ್ಟರೆ ಬೇರೆಲ್ಲೂ ನಾನು ಕೇಳಿಲ್ಲ. ಟೌನ್ ಹಾಲ್ ಕಡೆಯಿಂದ ನಡೆದುಕೊಂಡು ಒಳಹೊಕ್ಕರೆ ವೈರು, ಮೋಟರು, ಸಿಸಿ ಕ್ಯಾಮೆರಾ, ಲ್ಯಾಪ್‌ಟಾಪ್ ಪರದೆ, ಎಲ್ಲ ದಾಟಿ ಓಣಿಯಂಥ ಕಟ್ಟಡಗಳ ಮಹಡಿಯಲ್ಲಿ ಹಳೇ ಸಾಮಾನಿನ ಅಂಗಡಿಗಳು. ಅಲ್ಲಿ ಕೌಂಟರಿನ ಹಿಂದೆ ರಾಜಸ್ಥಾನದ ಮೂಲದವರು ಎಷ್ಟೋ ಜನ. ಅವರ ಕನ್ನಡ ನನ್ನ ಸೋದರಳಿಯನದಕ್ಕಿಂತ ಚೆನ್ನಾಗಿರುತ್ತದೆ.

ಎಲ್‌ಜಿಎ 775 ಎಂಬ ನನ್ನ ಪ್ರೊಸೆಸರಿನ ಸಾಕೆಟ್ಟಿಗೆ ಬೋರ್ಡು ಇದೆಯೇ ಅಂದರೆ ಎಲ್ಲರೂ ಇದೆ ಎನ್ನುತ್ತಾರೆ. ತೆಗೆದುಕೊಡುವುದು ಜಿ41. ವಿಚಿತ್ರವೆಂದರೆ ಇಂಟೆಲ್ ಎಂದೋ ಕೈಬಿಟ್ಟ ಈ ಚಿಪ್‌ಸೆಟ್ಟಿನ ಹೊಸ ಬೋರ್ಡುಗಳು ನಮ್ಮಲ್ಲಿ ಬಹುಕಾಲ ತಯಾರಾಗಿ ಬಂದವು. ಸೈಬರ್ ಕೆಫೆ, ಡಿಟಿಪಿ ಸೆಂಟರು, ಶಾಲೆಯ ಲ್ಯಾಬು, ಇಲ್ಲೆಲ್ಲ ಬೋರ್ಡು ಸುಟ್ಟು ಪ್ರೊಸೆಸರು ಬದುಕಿ ಉಳಿದವರಿಗೆ ಅದೇ ಗತಿ. ಹೊಸದು, ಡಬ್ಬಿಯಲ್ಲಿ ಬರುತ್ತದೆ, ವಾರಂಟಿ ಉಂಟು. ಟೈಪು ಮಾಡುವವನಿಗೆ ಬೇರೆ ಏನು ಬೇಕು? ನನಗೆ ಬೇಕಾದದ್ದು ಮಾತ್ರ ಅದರಲ್ಲಿಲ್ಲ. ಮತ್ತೆ ಅದೇ ಬೂದು ಬಣ್ಣದ 266. ತಾಳ ಏರಿಸಲು ಬಿಡುವ ಚಿಪ್‌ಸೆಟ್ಟುಗಳ ಹೆಸರು ಹಿಡಿದು ಕೇಳಿದೆ.

"ಪಿ35 ಇದ್ಯಾ? ಪಿ45 ಆದ್ರೂ ಪರವಾಗಿಲ್ಲ."

"ಅದು ಗೇಮಿಂಗ್ ಬೋರ್ಡ್ ಸಾರ್, ಯಾರೂ ಕೊಡಲ್ಲ. ಯಾಕೆ ಅದೇ ಬೇಕು?"

"ಸ್ವಲ್ಪ ಓವರ್‌ಕ್ಲಾಕ್ ಮಾಡೋಣ ಅಂತ."

ಅಂಗಡಿಯವನು ನನ್ನ ನರೆಗೂದಲು ನೋಡಿದ. ಪಕ್ಕದಲ್ಲಿದ್ದ ಸೋದರಳಿಯನನ್ನು ನೋಡಿದ. ಮಗನಿಗಾಗಿ ಎಂದು ತಾನೇ ತೀರ್ಮಾನಿಸಿ ಒಳಗಿನ ಕಪಾಟು ತೆಗೆದ.

ಹಳೇ ಬೋರ್ಡು ಆರಿಸುವುದು ಜಾತಕ ಕೂಡಿಸುವ ಕೆಲಸ. ಹೊರನೋಟಕ್ಕೆ ಎಲ್ಲ ಲಕ್ಷಣವಾಗಿರುತ್ತದೆ. ಸಾಕೆಟ್ಟು ಗೋತ್ರ ಮಾತ್ರ, ಅಷ್ಟಕ್ಕೇ ನಂಬಬಾರದು. ಒಂದೇ 775 ಸಾಕೆಟ್ಟಿಗೆ 2004ರ ಪೆಂಟಿಯಂ 4 ಕೂಡ ಬರುತ್ತದೆ, 2008ರ ಕೋರ್ 2 ಕ್ವಾಡ್ ಕೂಡ ಬರುತ್ತದೆ. ಪ್ರೊಸೆಸರು ಕೂರುತ್ತದೆ, ಕೂತ ಮೇಲೆ ಮಾತಾಡುವುದಿಲ್ಲ. ಬೋರ್ಡು ತಯಾರಿಸಿದವರ ಪಟ್ಟಿಯಲ್ಲಿ ಕ್ಯೂ6600 ಹೆಸರಿದೆಯೇ, ಯಾವ ಬಯಾಸ್ ಆವೃತ್ತಿಯಿಂದ ಇದೆ, ರ‍್ಯಾಮು ಡಿಡಿಆರ್2 ಆಗಬೇಕೋ ಡಿಡಿಆರ್3 ಆಗಬೇಕೋ, ಒಂದೊಂದೂ ಕೂಡಿಬರಬೇಕು. ತಾಳ ಏರಿಸಿದಾಗ ಪಿಸಿಐ ಸ್ಲಾಟಿನ ವೇಗವನ್ನು ತನ್ನ 33ರಲ್ಲೇ ಕಟ್ಟಿಹಾಕುತ್ತದೆಯೇ ಎಂಬುದೂ ಮುಖ್ಯ. ಹಿಂದಿನ ತಲೆಮಾರಿನ ಎಷ್ಟೋ ಬೋರ್ಡುಗಳಲ್ಲಿ ತಾಳದ ಜತೆ ಅದೂ ಏರಿ ಹಾರ್ಡ್‌ಡಿಸ್ಕಿನ ಫೈಲುಗಳು ಕೆಡುತ್ತಿದ್ದವು. ಪಿ35ರ ಕಾಲಕ್ಕೆ ಆ ದೋಷ ಕಳೆದಿತ್ತು.

ಕಪಾಟಿನಿಂದ ಹೊರಬಂದ ಒಂದು ಬೋರ್ಡು ಪಿ45, ನೋಡಲು ಚೆಂದ, ನೀಲಿ ಹೀಟ್‌ಸಿಂಕು. ಫೋನಿನ ಟಾರ್ಚು ಹಾಕಿ ಪ್ರೊಸೆಸರ್ ಸಾಕೆಟ್ಟಿನ ಸುತ್ತ ನಿಂತ ಕೆಪಾಸಿಟರುಗಳನ್ನು ನೋಡಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಕೆಟ್ಟ ದ್ರಾವಣ ತುಂಬಿದ ಕೆಪಾಸಿಟರುಗಳು ಲೋಕದ ತುಂಬ ಹಬ್ಬಿ, ಬೋರ್ಡುಗಳು ಗುಂಪುಗುಂಪಾಗಿ ಸತ್ತವು. ಅದರಿಂದ ಕಲಿತದ್ದು ಎಂದರೆ ತಲೆ ನೋಡುವುದು. ಒಳ್ಳೆಯದರ ತಲೆ ಚಪ್ಪಟೆ. ಮೇಲೆ ಗೀರಿದ ಗುರುತು ಉಬ್ಬಿದ್ದರೆ ಒಳಗೆ ಅನಿಲ ತುಂಬಿದೆ ಎಂದರ್ಥ. ಕಂದು ಕಲೆ ಇದ್ದರೆ ಕತೆ ಮುಗಿದಿದೆ. ಪ್ಲಾಸ್ಟಿಕ್ ಹೊದಿಕೆಯಿಲ್ಲದ, ಬರೀ ಲೋಹದ ಗಿಡ್ಡ ಕೆಪಾಸಿಟರುಗಳು ಘನ ಮಾದರಿಯವು, ಅವು ಉತ್ತಮ. ಈ ಚೆಂದದ ಬೋರ್ಡಿನಲ್ಲಿ ಎಲ್ಲ ಘನವೇ, ಆದರೆ ಸಾಕೆಟ್ಟಿನೊಳಗಿನ ಮೊಳೆಗಳಲ್ಲಿ ಎರಡು ಅಡ್ಡ ಮಲಗಿದ್ದವು. 775ರಲ್ಲಿ ಕಾಲಿರುವುದು ಪ್ರೊಸೆಸರಿಗಲ್ಲ, ಬೋರ್ಡಿಗೆ. ಯಾರೋ ಪ್ರೊಸೆಸರನ್ನು ಓರೆಯಾಗಿ ಬಿಟ್ಟಿದ್ದರು.

"ಸೂಜಿಯಲ್ಲಿ ಎತ್ತಿದ್ರೆ ಸರಿ ಹೋಗುತ್ತೆ ಸಾರ್."

"ಎತ್ತಿಕೊಡಿ ಮತ್ತೆ."

ಅವನು ನಕ್ಕು ಇನ್ನೊಂದು ತೆಗೆದ. ಅದು ಪಿ35, ಬಣ್ಣ ಮಾಸಿತ್ತು, ಹಿಂದಿನ ತಗಡು ಇರಲಿಲ್ಲ. ಮೊಳೆಗಳು ಸಾಲಾಗಿದ್ದವು. ಕೆಪಾಸಿಟರ್ ತಲೆ ಚಪ್ಪಟೆ. ಬೆಲೆ ಎರಡು ಸಾವಿರದಿಂದ ಕೆಳಗಿಳಿಯಲಿಲ್ಲ. "ಚೆಕಿಂಗ್ ವಾರಂಟಿ ಮಾತ್ರ" ಎಂದ; ಅಂದರೆ ಅಂಗಡಿಯಲ್ಲಿ ಆನ್ ಆದರೆ ಅಲ್ಲಿಗೆ ಅವನ ಜವಾಬ್ದಾರಿ ತೀರಿತು. ಆ ಬೆಲೆಗೆ ಅವನು ಪೂರ್ತಿ ಡೆಸ್ಕ್‌ಟಾಪ್ ಒಂದನ್ನು ಮಾರುತ್ತಿದ್ದ, ಅದೂ ನನ್ನದಕ್ಕಿಂತ ಹೊಸದನ್ನು. ಕಚೇರಿಗಳು ಹೊರಗೆ ಹಾಕಿದ ಪೆಟ್ಟಿಗೆಗಳು ಮೂಲೆಯಲ್ಲಿ ಸೂರಿನವರೆಗೆ ಪೇರಿಸಿದ್ದವು. ಹಳೇ ಲೋಕದ ಬೆಲೆ ಹೀಗೆ: ಸಾಮಾನ್ಯವಾದದ್ದು ವರ್ಷವರ್ಷ ಇಳಿಯುತ್ತದೆ, ಹುಚ್ಚರಿಗೆ ಮಾತ್ರ ಬೇಕಾದದ್ದು ಏರುತ್ತದೆ.

ರ‍್ಯಾಮಿನ ವಿಷಯ ಬೇಗ ಮುಗಿಯಿತು. ಸೋದರಳಿಯ 1066ರ ವೇಗದ್ದೇ ಆಗಬೇಕೆಂದ. ಬೇಕಿಲ್ಲ. ತಾಳ 333 ಆದಾಗ ಸಮಪಾಲಿನಲ್ಲಿ ರ‍್ಯಾಮು ಓಡುವುದು 667ರಲ್ಲಿ. 400ಕ್ಕೆ ಏರಿಸಿದರೂ 800. ನನ್ನ ಬಳಿ ಮೊದಲೇ ಇದ್ದ 800ರ ಸ್ಟಿಕ್ಕುಗಳು ಆರಾಮವಾಗಿ ಕಾಲು ಚಾಚಿಕೊಂಡೇ ಇರುತ್ತವೆ. ಜಾಹೀರಾತಿನಲ್ಲಿ ಅತಿ ಹೆಚ್ಚು ಹೊಳೆಯುವ ವಸ್ತು ಇಲ್ಲಿ ಅತಿ ಕಡಿಮೆ ಬೇಕಾದದ್ದು.

ಎಸ್‌ಎಂಪಿಎಸ್ ಹಾಗಲ್ಲ. ಅಸೆಂಬಲ್ ಮಾಡಿಸುವವರು ಕೊನೆಗೆ ಉಳಿದ ಚಿಲ್ಲರೆಯಲ್ಲಿ ಕೊಳ್ಳುವುದು ಅದನ್ನೇ. ಕೆಲವರಿಗೆ ಕ್ಯಾಬಿನೆಟ್ಟಿನ ಜತೆ ಬಂದದ್ದು ಅಂತಲೂ ಗೊತ್ತಿರುವುದಿಲ್ಲ. ಮೇಲೆ 450 ವ್ಯಾಟ್ ಅಂತ ದಪ್ಪಕ್ಷರ. ನಾನು ಅದರ ಪಕ್ಕದ ಸಣ್ಣಕ್ಷರ ಓದುವವನು. ಪ್ರೊಸೆಸರಿಗೆ ಹೋಗುವುದು 12 ವೋಲ್ಟಿನ ತಂತಿ. ಅಲ್ಲಿ 14 ಆಂಪಿಯರ್ ಎಂದು ಬರೆದಿದ್ದರೆ ಲೆಕ್ಕ 168 ವ್ಯಾಟ್. ಉಳಿದ ವ್ಯಾಟು ಯಾವ ತಂತಿಗಳಲ್ಲಿ ಹಂಚಿಹೋಗಿದೆಯೋ, ನಮಗೆ ಉಪಯೋಗವಿಲ್ಲ. ಇನ್ನೊಂದು ಪರೀಕ್ಷೆ ಇನ್ನೂ ಸುಲಭ, ಕೈಯಲ್ಲಿ ಎತ್ತಿ ನೋಡುವುದು. ಒಳಗೆ ತಾಮ್ರ, ಅಲ್ಯೂಮಿನಿಯಂ ಇದ್ದರೆ ಭಾರ ಇರುತ್ತದೆ. ಖಾಲಿ ಟಿಫಿನ್ ಬಾಕ್ಸು ಎತ್ತಿದ ಹಾಗಾದರೆ ಅಲ್ಲೇ ಇಟ್ಟುಬಿಡಬೇಕು. ಬೋರ್ಡು ಕೆಟ್ಟರೆ ಬೋರ್ಡು ಹೋಯಿತು. ಕಳಪೆ ಎಸ್‌ಎಂಪಿಎಸ್ ಕೆಟ್ಟರೆ ಹೋಗುವಾಗ ತನಗೆ ಬೇಕಾದವರನ್ನೆಲ್ಲ ಕರೆದುಕೊಂಡು ಹೋಗುತ್ತದೆ. ಇಡೀ ಪಟ್ಟಿಯಲ್ಲಿ ಇದೊಂದನ್ನು ಮಾತ್ರ ಸೆಕೆಂಡ್ಸ್ ಕೊಳ್ಳಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ. 80 ಪ್ಲಸ್ ಗುರುತಿನ ಹೊಸದಕ್ಕೆ ಎರಡೂವರೆ ಸಾವಿರದ ಮೇಲೆ ಬಿತ್ತು. ಐದು ಸಾವಿರದಲ್ಲಿ ಉಳಿದದ್ದು ಎಷ್ಟು ಎಂದು ಓದುಗರೇ ಕಳೆಯಬಹುದು. ಇನ್ನೂ ವೇಗದ ಸುದ್ದಿಗೇ ನಾವು ಬಂದಿಲ್ಲ.

ಕೂಲರಿಗೆ ನಾನು ಅತಿ ಹೆಚ್ಚು ಯೋಚಿಸಿದೆ. ಪ್ರೊಸೆಸರಿನ ಜತೆ ಬಂದ ಗುಂಡು ಕೂಲರು ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ನಿಲ್ಲುತ್ತದೆ. ಆ ಗೂಟಗಳನ್ನು ಒತ್ತುವಾಗ ಬೋರ್ಡು ಬಾಗುವುದನ್ನು ಕಂಡವರಿಗೆ ದೇವರ ಮೇಲೆ ನಂಬಿಕೆ ಬರುತ್ತದೆ. ಒಂದು ಗೂಟ ಅರ್ಧ ಕೂತರೆ ಸಾಕು, ಬಿಸಿ ಇಳಿಯುವುದಿಲ್ಲ. ಬದಲಿಗೆ ತಾಮ್ರದ ಕೊಳವೆಗಳ ಎತ್ತರದ ಕೂಲರು ಹಾಕೋಣವೆಂದರೆ ಇನ್ನೊಂದು ತೊಡಕು. 775ರ ಬೋರ್ಡಿನಲ್ಲಿ ಕೂಲರಿನ ತೂತುಗಳ ನಡುವೆ 72 ಮಿಲಿಮೀಟರ್ ಅಂತರ. ಮುಂದೆ ಬಂದ 1155ರಂಥ ಸಾಕೆಟ್ಟುಗಳಲ್ಲಿ 75. ಈಗ ಸಿಗುವ ಹೊಸ ಕೂಲರುಗಳಲ್ಲಿ ಹೆಚ್ಚಿನವು 775ಕ್ಕೆ ಕೂರಿಸುವ ಲೋಹದ ಪಟ್ಟಿಯನ್ನು ಡಬ್ಬಿಯಲ್ಲಿ ಇಡುವುದನ್ನೇ ಬಿಟ್ಟಿವೆ. ಒಂದು ಚಿಪ್ಪಿನಲ್ಲಿ ಕೋಟ್ಯಂತರ ಟ್ರಾನ್ಸಿಸ್ಟರು ಸರಿಯಾಗಿ ಜೋಡಿಸಿದ ಲೋಕ ಮೂರು ಮಿಲಿಮೀಟರಿನ ಬಳಿ ಬಂದು ನಿಂತುಬಿಡುತ್ತದೆ.

ಸೋದರಳಿಯ ತೂತನ್ನು ಡ್ರಿಲ್ಲಿನಿಂದ ಅಗಲ ಮಾಡೋಣವೆಂದ. ಬೋರ್ಡಿನ ತೂತಿನ ಪಕ್ಕದಲ್ಲೇ ಗೆರೆಗಳು ಹರಿದಿರುತ್ತವೆ ಎಂದು ತೋರಿಸಿ ಅವನ ಉತ್ಸಾಹಕ್ಕೆ ತಣ್ಣೀರು ಎರಚಿದೆ. ಇದೇ ಹುಡುಗ ಹಿಂದಿನ ವಾರ ನನಗೆ 2011ರ ದಾಖಲೆಯ ಕತೆ ಹೇಳಿದ್ದ. ಎಎಂಡಿಯವರು ತಮ್ಮ ಎಫ್‌ಎಕ್ಸ್ ಪ್ರೊಸೆಸರಿಗೆ ದ್ರವ ಹೀಲಿಯಂ ಸುರಿದು 8.429 ಗಿಗಾಹರ್ಟ್ಸ್ ಮುಟ್ಟಿಸಿ ಗಿನ್ನೆಸ್ ಪುಸ್ತಕ ಸೇರಿದ್ದು. ನಮಗೆ ಸಿಗುವುದು ಏಪ್ರಿಲ್ ತಿಂಗಳ ಬೆಂಗಳೂರಿನ ಗಾಳಿ. 2016ರ ಏಪ್ರಿಲಿನಲ್ಲಿ ಈ ಊರು 39.2 ಡಿಗ್ರಿ ಕಂಡಿದೆ. ಗಾಳಿ ಬೀಸುವ ಎಂಥ ಕೂಲರಾದರೂ ಕೋಣೆಯ ಗಾಳಿಗಿಂತ ತಣ್ಣಗೆ ಪ್ರೊಸೆಸರನ್ನು ಇಡಲಾರದು. ಅಂಗಡಿಯಲ್ಲಿ ಕೊಳ್ಳಲಾಗದ ಬಿಡಿಭಾಗ ಎಂದರೆ ಹವಾಮಾನವೇ. ಕೊನೆಗೆ ಮತ್ತೊಂದು ಅಂಗಡಿಯಲ್ಲಿ, ಹಳೇ ಕೂಲರ್ ಮಾಸ್ಟರ್ ಹೈಪರ್ 212 ಒಂದು ಪಟ್ಟಿ ಸಮೇತ ಸಿಕ್ಕಿತು. ಫ್ಯಾನಿನ ರೆಕ್ಕೆಯ ಮೇಲೆ ಧೂಳು ಕಂಬಳಿಯಂತೆ ಕೂತಿತ್ತು. ಬೆಲೆಯನ್ನು ನಾನು ಮನೆಯಲ್ಲಿ ಸ್ವಲ್ಪ ಕಡಿಮೆ ಮಾಡಿ ಹೇಳಿದೆ. ಐದು ಸಾವಿರದ ಗೆರೆಯನ್ನು ಅದೇ ದಾಟಿಸಿದ್ದು.

ನಮ್ಮ ಪ್ರೊಸೆಸರಿನ ಜಾತಿಯೂ ಅವತ್ತೇ ತಿಳಿಯಿತು. ಅದರ ಮೇಲೆ ಗಟ್ಟಿಯಾಗಿದ್ದ ಥರ್ಮಲ್ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಾಗ ಲೋಹದ ಮುಚ್ಚಳದಲ್ಲಿ ಎಸ್‌ಎಲ್‌ಎಸಿಆರ್ ಎಂಬ ಅಕ್ಷರ ಮೂಡಿದವು. ಕ್ಯೂ6600ರಲ್ಲಿ ಎರಡು ಪಂಗಡ. ಮೊದಲು ಬಂದ ಬಿ3ಗೆ 105 ವ್ಯಾಟ್, ಮೇಲ್ಮುಚ್ಚಳ 62.2 ಡಿಗ್ರಿಯವರೆಗೆ ಬಿಸಿಯಾಗಬಹುದು ಎಂದು ಇಂಟೆಲ್ ಹೇಳಿತ್ತು. ಆಮೇಲಿನ ಜಿ0ಗೆ 95 ವ್ಯಾಟ್, 71 ಡಿಗ್ರಿ. ಎಸ್‌ಎಲ್‌ಎಸಿಆರ್ ಎಂದರೆ ಜಿ0. ಇದನ್ನು ನೋಡಿ ನಾನು "ಹಾ!" ಎಂದ ದನಿಗೆ ಅಡಿಗೆಮನೆಯಿಂದ ಹೆಂಡತಿ ಓಡಿ ಬಂದಳು, ಕರೆಂಟು ಹೊಡೆಯಿತೆಂದು. ಇಷ್ಟು ವರ್ಷ ಮನೆಯಲ್ಲೇ ಇದ್ದ ಒಳ್ಳೆಯ ವಸ್ತುವನ್ನು ಈಗ ಗುರುತಿಸಿದೆ ಎಂದು ವಿವರಿಸಿದೆ. "ಗೊತ್ತಾಗೋದು ಯಾವಾಗ್ಲೂ ತಡವೇ" ಎಂದು ಒಳಗೆ ಹೋದಳು. ಆ ಮಾತು ಯಾವುದರ ಬಗ್ಗೆ ಎಂದು ನಾನು ಕೇಳಲಿಲ್ಲ.

ಬೋರ್ಡು ಕೂತಿತು, ಬಯಾಸ್ ತೆರೆಯಿತು, ಅಂಕಿ ಬಿಳಿಯ ಬಣ್ಣದಲ್ಲಿತ್ತು. 333 ಬರೆದೆ. ವೋಲ್ಟೇಜು ಮುಟ್ಟಲಿಲ್ಲ. ಲಿನಕ್ಸ್ ಎದ್ದು ನಿಂತಿತು. ರ‍್ಯಾಮು ಪರೀಕ್ಷಿಸುವ ಮೆಮ್‌ಟೆಸ್ಟನ್ನು ಒಂದು ಮಧ್ಯಾಹ್ನ, ಪ್ರೈಮ್95ನ್ನು ಒಂದು ರಾತ್ರಿ ಓಡಿಸಿದೆ. ಪ್ರೈಮ್95 ಮೂಲದಲ್ಲಿ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಬರೆದ ತಂತ್ರಾಂಶ. ಲೆಕ್ಕ ಒಂದಿಷ್ಟು ತಪ್ಪಿದರೂ ಹೇಳಿಬಿಡುತ್ತದೆಂದು ಓವರ್‌ಕ್ಲಾಕ್ ಮಾಡುವವರು ಅದನ್ನು ಅಗ್ನಿಪರೀಕ್ಷೆ ಮಾಡಿಕೊಂಡರು. ಗಣಿತಜ್ಞರ ಹಂಬಲ ನಮಗೆ ಒಲೆಯಾಯಿತು. ತಪ್ಪು ಬರಲಿಲ್ಲ.

ಫಲಿತಾಂಶದ ವಿಷಯ. ಮೊದಲು ರಾತ್ರಿ ಹತ್ತಕ್ಕೆ ಹಚ್ಚಿದ ಮದುವೆ ಬೆಳಗ್ಗೆ ಆರಕ್ಕೆ ಮುಗಿಯುತ್ತಿತ್ತು. ಕಾಲು ಪಾಲು ವೇಗ ಹೆಚ್ಚಿದ ಮೇಲೆ ಲೆಕ್ಕದ ಪ್ರಕಾರ ನಾಲ್ಕು ಗಂಟೆ ಇಪ್ಪತ್ತನಾಲ್ಕು ನಿಮಿಷಕ್ಕೆ ಮುಗಿಯಬೇಕು, ಹೆಚ್ಚು ಕಡಿಮೆ ಹಾಗೇ ಮುಗಿಯುತ್ತದೆ. ಆ ಹೊತ್ತಿಗೆ ನಾನು ನಿದ್ದೆಯಲ್ಲಿರುತ್ತೇನೆ. ಉಳಿಸಿದ ಒಂದೂವರೆ ಗಂಟೆಯನ್ನು ಕಂಪ್ಯೂಟರು ಸುಮ್ಮನೆ ಕೂತು ಕಳೆಯುತ್ತದೆ. ಇದನ್ನು ಹೆಂಡತಿಗೆ ಹೇಳುವ ಅಗತ್ಯ ಕಾಣಲಿಲ್ಲ, ಆದರೆ ಲೆಕ್ಕದ ವಿಷಯ ಅವಳಿಂದ ಮುಚ್ಚಿಡುವುದು ಕಷ್ಟ.

ನ್ಯಾಯವಾಗಿ ನೋಡಿದರೆ ಯಾರಾದರೂ ನನ್ನನ್ನು ಕೇಳಿದರೆ ಇದನ್ನು ಮಾಡಿ ಎನ್ನುವುದಿಲ್ಲ. ಹಳೇ ಯಂತ್ರ ಬೇಗ ಆಗಬೇಕೆಂದರೆ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿ. ಆನ್ ಮಾಡಿ ಕಾಯುವ ಹೊತ್ತಿನಲ್ಲಿ ಅದು ಮಾಡುವ ವ್ಯತ್ಯಾಸದ ಮುಂದೆ ನನ್ನ 333 ಏನೂ ಅಲ್ಲ. 2023ರಲ್ಲಿ ಇಂಟೆಲ್ ತಂದ ಎನ್100 ಎಂಬ ಪುಟ್ಟ ಪ್ರೊಸೆಸರಿಗೂ ನಾಲ್ಕು ಕೋರು. ಅದಕ್ಕೆ ನಿಗದಿಪಡಿಸಿದ ವಿದ್ಯುತ್ತು 6 ವ್ಯಾಟ್, ನನ್ನದಕ್ಕೆ 95. ಓವರ್‌ಕ್ಲಾಕ್ ಮಾಡಿದ ಮೇಲೂ ನನ್ನದು ಅದನ್ನು ಮುಟ್ಟಲಾರದು. ಇಷ್ಟೆಲ್ಲ ಗೊತ್ತಿದ್ದೇ ಹೊರಟದ್ದು. ಹೊಸದು ಕೊಂಡರೆ ಡಬ್ಬಿ ಒಡೆದು ಪ್ಲಗ್ ಹಾಕಿದಲ್ಲಿಗೆ ಮುಗಿಯುತ್ತದೆ. ಒಂದು ಅಂಕಿ ಯಾಕೆ ಅಷ್ಟಿದೆ, ಇನ್ನೆಷ್ಟು ಏರಬಹುದು, ಏರಿದರೆ ಯಾರು ಮೊದಲು ಸುಸ್ತಾಗುತ್ತಾರೆ ಎಂದು ತಿಳಿಯುವ ಸುಖ ಐದು ಸಾವಿರಕ್ಕೆ ದುಬಾರಿಯಲ್ಲ. ಸರಿ, ಐದು ಸಾವಿರದ ಚಿಲ್ಲರೆಗೆ.

ಸೋದರಳಿಯನಿಗೆ 3 ಸಾಲದು, 3.6 ಬೇಕು. "ಬೋರ್ಡ್ ಇದೆ, ಕೂಲರ್ ಇದೆ, ಇನ್ನೇನು ಮಾವ?" ಕಾಗದ ತೆಗೆದು ತೋರಿಸಿದೆ. ವಿದ್ಯುತ್ತು ತಾಳದ ಜತೆ ಸಮನಾಗಿ ಏರುತ್ತದೆ, ವೋಲ್ಟೇಜಿನ ವರ್ಗದ ಜತೆ ಏರುತ್ತದೆ. 3.6ಕ್ಕೆ ತಾಳ ಒಂದೂವರೆ ಪಟ್ಟು. ಅದು ನಿಲ್ಲಲು ವೋಲ್ಟೇಜು 1.25ರಿಂದ 1.4ಕ್ಕೆ ಏರಿಸಬೇಕಾಯಿತು ಎನ್ನೋಣ, ವರ್ಗದಿಂದ ಇನ್ನೊಂದು ಕಾಲು ಪಾಲು. ಎರಡನ್ನೂ ಗುಣಿಸಿದರೆ ಹತ್ತಿರ ಹತ್ತಿರ 1.9. 95 ವ್ಯಾಟು ಒಂದೇ ಏಟಿಗೆ 180ರ ಹತ್ತಿರ ಹೋಗುತ್ತದೆ. ವೇಗ ಅರ್ಧದಷ್ಟು ಹೆಚ್ಚಾಯಿತು, ಬಿಸಿ ದುಪ್ಪಟ್ಟಿಗೆ ಬಂತು. ಅವನು ಕಾಗದವನ್ನು ತಿರುವಿ ಮುರುವಿ ನೋಡಿ, "ಡಿಸೆಂಬರ್‌ನಲ್ಲಿ ಮಾಡೋಣ, ಚಳಿ ಇರುತ್ತೆ" ಅಂದ. ಬಜೆಟ್ಟಿನಲ್ಲಿ ಕೆಲಸ ಮಾಡುವುದನ್ನು ಹುಡುಗ ಕಲಿಯುತ್ತಿದ್ದಾನೆ.

ಈ ನಡುವೆ ಬೇರೆ ಸಮಸ್ಯೆ ಎದ್ದಿದೆ. ರಾತ್ರಿಗೊಂದರಂತೆ ಓಡಿಸಿ ಡಬ್ಬಿಯ ಟೇಪುಗಳು ಮುಗಿಯುತ್ತ ಬಂದವು. ಇಷ್ಟು ಸಜ್ಜು ಮಾಡಿದ ಯಂತ್ರಕ್ಕೆ ಕೆಲಸವಿಲ್ಲದೆ ಹೋದರೆ ಹೇಗೆಂದು ಶಿವಮೊಗ್ಗದ ಚಿಕ್ಕಮ್ಮನಿಗೆ ಫೋನ್ ಮಾಡಿ ಹಳೇ ಟೇಪು ಏನಾದರೂ ಇವೆಯೇ ಎಂದು ವಿಚಾರಿಸಿದೆ.

"ಗೃಹಪ್ರವೇಶದ್ದು ಇದೆ ಕಣೋ. ನಾಮಕರಣದ್ದೂ ಇರಬೇಕು, ಅಟ್ಟದ ಮೇಲೆ. ಬೂಜು ಹಿಡಿದಿರಬಹುದು."

"ಇರ್ಲಿ ಚಿಕ್ಕಮ್ಮ, ಎಲ್ಲಾ ಕೊಟ್ಟು ಕಳಿಸಿ" ಅಂದೆ.